ನಮ್ಮ ರೇಷ್ಮೆ ಕಾರ್ಖಾನೆಯ ಸೂಪರ್‌ವೈಸರ್ ಕುರ್ಚಿಗೆ ಗುರುಬಸಮ್ಮನ ಬಿನ್ನಹ

ಕೊಳ್ಳೇಗಾಲ, ಜೂನ್ ೧೯೯೬

ಮಾನ್ಯ ಕುರ್ಚಿಯವರೇ,

ಕಿಟಕಿಯ ಪಕ್ಕ, ಫ್ಯಾನಿನ ಕೆಳಗೆ ವಿರಾಜಮಾನರಾಗಿರುವ ತಮ್ಮ ನಾಲ್ಕು ಕಾಲುಗಳಿಗೂ ಎರಡು ಕೈಗಳಿಗೂ ಬೇರೆಬೇರೆಯಾಗಿ ನಮಸ್ಕಾರಗಳು. ಇದೇ ಕಾರ್ಖಾನೆಯಲ್ಲಿ ಬಿಸಿನೀರಿನ ಬೇಸಿನ್ ಮುಂದೆ ನಿಂತು ರೇಷ್ಮೆಗೂಡಿನಿಂದ ಎಳೆ ತೆಗೆಯುವ ಗುರುಬಸಮ್ಮನಾದ ನಾನು, ಎಸ್ಸೆಸ್ಸೆಲ್ಸಿ ಪರೀಕ್ಷೆಗೆಂದು ಕಲಿತ ಪತ್ರಲೇಖನ ದಂಡವಾಗದಿರಲೆಂದೂ, ಮನುಷ್ಯರಿಗೆ ಹೇಳಿ ಹೇಳಿ ಬಾಯಿ ಬತ್ತಿದ್ದರಿಂದಲೂ ತಮಗೇ ಬರೆಯುತ್ತಿದ್ದೇನೆ.

ನನ್ನ ಆಸೆ ತಮ್ಮ ಸಂಬಳಕ್ಕಿಂತ ತಮ್ಮ ಒಣ ಜಾಗದ ಮೇಲೆ. ಆ ನೀರಿನಲ್ಲಿ ಅದ್ದಿ ಅದ್ದಿ ನನ್ನ ಬೆರಳ ಸಂದುಗಳು ಕೊಳೆತಿವೆ; ಮುದ್ದೆ ಮುರಿದರೆ ಉರಿ, ಉಪ್ಪಿನಕಾಯಿ ಮುಟ್ಟಿದರೆ ಸತ್ತ ಅತ್ತೆಯೂ ನೆನಪಾಗುತ್ತಾಳೆ. ಆಸ್ಪತ್ರೆಯ ಡಾಕ್ಟರು, "ನೀರಿಂದ ಕೈ ತೆಗಿಯಮ್ಮ, ಇಲ್ದಿದ್ರೆ ಬೆರಳೇ ಹೋದಾವು" ಎಂದಿದ್ದಾರೆ. ಕೈ ತೆಗೆದರೆ ಕೂಲಿ ಹೋಗುತ್ತದೆ. ಕೈ ತೆಗೆದೂ ಕೂಲಿ ಉಳಿಯುವ ಜಾಗ ಇಲ್ಲಿ ತಾವೊಬ್ಬರೇ.

ಹಿಂದಿನ ಸೂಪರ್‌ವೈಸರು ಬಿಟ್ಟುಹೋದಾಗ ತಮ್ಮನ್ನು ನನಗೆ ಕೊಡಿಸಿರೆಂದು ಮ್ಯಾನೇಜರ್ ಮಾದಸ್ವಾಮಿಯವರನ್ನು ಕೇಳಿದೆ. "ಅನುಭವ ಅದೆ ಕಣವ್ವ, ಓದಿಲ್ವಲ್ಲ" ಎಂದರು. ಸರಿ ಎಂದು ಮಗಳು ಭವ್ಯಳ ಪುಸ್ತಕಗಳನ್ನೇ ಹಂಚಿಕೊಂಡು, ಅವಳ ಜೊತೆಯೇ ಪರೀಕ್ಷೆಗೆ ಕಟ್ಟಿ, ಗಣಿತದಲ್ಲಿ ಬೆಟ್ಟದ ದೇವರು ಮಾದಪ್ಪನೇ ಕೈಹಿಡಿದದ್ದರಿಂದ ಪಾಸಾಗಿ, ಕಾರ್ಖಾನೆಗೆಲ್ಲ ಸಕ್ಕರೆ ಹಂಚಿದೆ. ಮಾದಸ್ವಾಮಿಯವರು ಸಕ್ಕರೆ ಬಾಯಿಗೆ ಹಾಕಿಕೊಂಡು, "ಈಗ ಓದಿರೋರ ಸಾಲಿಗ್ ಬಂದೆ. ಈ ಸಾಲಲ್ಲಿ ನೀನು ಒಸಬ್ಳು. ಓದಿದ್ ಮ್ಯಾಲೆ ನಿಂಗೆ ಅನುಭವ ಎಲ್ಲದೆ?" ಎಂದರು. ಅಯ್ಯೋ ಶಿವನೇ! ಮದುವೆಯಾಗಿ ಬಂದಾಗಿನಿಂದ ಬೇಯಿಸಿಕೊಂಡ ಕೈಗಳ ದುಡಿಮೆಯೆಲ್ಲ ಪಾಸಾದ ದಿನವೇ ನೀರುಪಾಲಾಯಿತು. ಫೇಲಾಗಿದ್ದರೆ ಅದಾದರೂ ಉಳಿಯುತ್ತಿತ್ತು.

ಓದಿಗೂ ಅನುಭವಕ್ಕೂ ಹೊರಗೆ ಏನು ಬೆಲೆಯಿದೆಯೆಂದು ವಿಚಾರಿಸಿದೆ. ನಮ್ಮ ಬೀದಿಯ ನಿಂಗರಾಜು ಏಳನೇ ಕ್ಲಾಸು. ಬ್ಯಾಂಕಿನಲ್ಲಿ ಟೀ ತರುತ್ತಾನೆ, ಅವನ ಸಂಬಳದಲ್ಲಿ ನಮ್ಮಂಥ ನಾಲ್ವರು ಹೆಂಗಸರು ಬದುಕಬಹುದು. ಯಳಂದೂರಿನಲ್ಲಿರುವ ನನ್ನ ತಮ್ಮ ಪುಟ್ಟಬಸಪ್ಪ ಬಿ.ಎ. ಮಾಡಿ ಖಾಸಗಿ ಶಾಲೆಯ ಮೇಷ್ಟ್ರಾಗಿದ್ದಾನೆ. ಅವನಲ್ಲೇ ಓದಿ ನಪಾಸಾದವನೊಬ್ಬ ಈಗ ಕರಿಕಲ್ಲು ಕ್ವಾರಿಯ ಲಾರಿ ಓಡಿಸುತ್ತ, ಹಬ್ಬಕ್ಕೆ ಗುರುಗಳಿಗೆ ಪಂಚೆ ಕೊಡಿಸುತ್ತಾನೆ. ಅದೇ ಓದು ಬ್ಯಾಂಕಿನಲ್ಲಿ ಬಂಗಾರ, ಶಾಲೆಯಲ್ಲಿ ತೌಡು, ಕ್ವಾರಿಯಲ್ಲಿ ಕೇಳುವವರಿಲ್ಲ, ನಮ್ಮಲ್ಲಂತೂ ಅಪರಾಧ. ಇಂಥ ನ್ಯಾಯವನ್ನು ಕಂಡುಹಿಡಿದ ಪುಣ್ಯಾತ್ಮರಿಗೆ ಸನ್ಮಾನವಾಗಲೇಬೇಕು; ಹೊದಿಸುವ ಶಾಲಿಗೆ ನಾವೇ ನೂಲು ತೆಗೆದುಕೊಡುತ್ತೇವೆ.

ಇಷ್ಟು ಸಾಲದೆಂದು ಮಾದಸ್ವಾಮಿಯವರು, ಕುರ್ಚಿಯವರೇ, ತಮ್ಮ ಮೇಲೊಂದು ಟವೆಲ್ ಹಾಸಿದ್ದಾರೆ. ಹನೂರು ಬಸ್ಸಿಗೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದನ್ನು ಕಂಡಿದ್ದೆ. ಕೆಲಸಕ್ಕೇ ಟವೆಲ್ ಹಾಕುವುದನ್ನು ಇಲ್ಲೇ ಕಂಡದ್ದು. ಕಾರ್ಖಾನೆ ಯಜಮಾನರ ತಂಗಿಯ ಮಗ ಬಸವೇಶ ಮೈಸೂರಿನಲ್ಲಿ ಬಿ.ಕಾಂ. ಮುಗಿಸಿ ಬರುವವರೆಗೆ ಜಾಗ ಅವನದಂತೆ. ಅಲ್ಲಿಯವರೆಗೆ ನಮ್ಮನ್ನಾಳುವ ಈ ಟವೆಲ್ ಎಷ್ಟನೇ ಕ್ಲಾಸು, ಎಲ್ಲೆಲ್ಲಿ ದುಡಿದಿದೆ ಎಂದು ವಿನಯದಿಂದಲೇ ಕೇಳಿದೆ. "ಬಾಯಿ ಜಾಸ್ತಿ ಆಯ್ತು ಕಣವ್ವ ನಿಂದು" ಎಂಬ ಉತ್ತರ ಬಂತು. ಆದರೂ ಇದ್ದದ್ದನ್ನು ಹೇಳಬೇಕು, ಅದು ಒಳ್ಳೆಯ ಅಧಿಕಾರಿ. ಬೈಯುವುದಿಲ್ಲ, ಎಳೆ ಹರಿದರೆ ಕೂಲಿ ಹಿಡಿಯುವುದಿಲ್ಲ.

ಆದ್ದರಿಂದ ತಮ್ಮಲ್ಲಿ ಬೇಡುವುದೇನೆಂದರೆ, ದಯಮಾಡಿ ನನ್ನನ್ನು ಮತ್ತೆ ಫೇಲು ಮಾಡಿಸಿಕೊಡಿ. ಆಗದಿದ್ದರೆ ಟವೆಲ್ಲಿನ ಹುದ್ದೆಗಾದರೂ ಸೇರಿಸಿಕೊಳ್ಳಿ. ಅದೂ ಆಗದಿದ್ದರೆ, ಇರುವ ನಾಲ್ಕು ಕಾಲುಗಳಲ್ಲಿ ತಾವೇ ನಡೆದು ನನ್ನ ಬೇಸಿನ್ ಪಕ್ಕಕ್ಕೆ ಬನ್ನಿ.

ಇಷ್ಟು ಕಾಲ ತಮ್ಮನ್ನು ನಿಂತೇ ನೋಡಿದ
ತಮ್ಮ ವಿಶ್ವಾಸಿ,
ಗುರುಬಸಮ್ಮ
ಎಸ್ಸೆಸ್ಸೆಲ್ಸಿ (ದುರದೃಷ್ಟದಿಂದ ಪಾಸು)

ಮರೆತ ಮಾತು: ಟವೆಲ್ ಹಾಕಿದವರು ಬಸ್ಸು ಹೊರಡುವ ಹೊತ್ತಿಗೂ ಬಾರದಿದ್ದರೆ, ನಿಂತವರು ಅದನ್ನು ಮಡಚಿಟ್ಟು ಕೂರುವುದು ನಮ್ಮ ಕಡೆಯ ಕಾನೂನು. ಈ ಪತ್ರವನ್ನು ನಾನು ಆ ಟವೆಲ್ಲಿಗೇ ಕೈ ಒರೆಸಿಕೊಂಡು, ತಮ್ಮ ಮೇಲೆ ಕೂತೇ ಬರೆದಿದ್ದೇನೆ. ಬೇಸಿನ್ ಮುಂದಿನ ಹೆಂಗಸರೆಲ್ಲ ನೀರಿನಿಂದ ಕೈ ತೆಗೆದು ಇತ್ತಲೇ ನೋಡುತ್ತಿದ್ದಾರೆ. ಮಾದಸ್ವಾಮಿಯವರು ಓಡಿಬಂದು "ಏಳವ್ವ ಮ್ಯಾಕೆ" ಎಂದರು. "ಏಳಕ್ಕೆ ಎಷ್ಟು ಓದಿರ್ಬೇಕು ಸಾ?" ಎಂದು ಕೇಳಿದ್ದೇನೆ. ಯಜಮಾನರನ್ನು ವಿಚಾರಿಸಿಕೊಂಡು ಬರಲು ಹೋಗಿದ್ದಾರೆ.