ಸೂರಿನ ಕೂದಲು

ಎಲ್ಲಾ ಶುರುವಾದದ್ದು ಒಂದು ಸ್ಟೀಲ್ ಬೋಸಿಯಿಂದ. ಅಜ್ಜೀಪುರದ ಅಕ್ಕ ರತ್ನನ ಮನೆಗೆ ಬೆಳಿಗ್ಗೆಯೇ ಬಂದಿಳಿದ ರುದ್ರಸ್ವಾಮಿ, ಚಪ್ಪಲಿ ಬಿಡುವ ಮೊದಲೇ ಹೆಂಚಿನ ಸೂರಿಗೆ ಕೈ ಹಾಕಿ ತಡಕಾಡಿದ. ಹೆಂಗಸರು ತಲೆ ಬಾಚಿಕೊಂಡಾಗ ಉದುರಿದ ಕೂದಲನ್ನು ಉಂಡೆ ಸುತ್ತಿ ಸಿಕ್ಕಿಸುವ ಜಾಗ ಅದು. ಈಗ ಅಲ್ಲಿ ಜೇಡರ ಬಲೆ ಬಿಟ್ಟರೆ ಏನೂ ಇರಲಿಲ್ಲ.

"ಅಕ್ಕಾ, ಇಲ್ಲಿದ್ದ ಕೂದ್ಲೆಲ್ಲಿ?"

"ಈಗ್ತಾನೆ ಕೂದ್ಲವ್ನು ಬಂದಿದ್ದ ಕಣ್ಲಾ, ಕೊಟ್ಬುಟ್ಟೆ. ನೋಡು, ಎಂಥಾ ಬೋಸಿ ಕೊಟ್ಟವ್ನೆ!"

ರುದ್ರಸ್ವಾಮಿ ಸೂರನ್ನು ಇನ್ನೊಮ್ಮೆ ತಡಕಿದ. ಪಾಪ, ಅವನ ಕಸುಬೇ ಅಂಥದ್ದು. ಮೈಸೂರಿನ ಪ್ರಯೋಗಾಲಯವೊಂದರಲ್ಲಿ ಐಸೊಟೋಪು ಅಳೆಯುವ ವಿಜ್ಞಾನಿ. ರಾಗಿ ಉಂಡವರ ಕೂದಲಲ್ಲಿ ಒಂದು ಗುರುತು, ಅನ್ನ ಉಂಡವರಲ್ಲಿ ಇನ್ನೊಂದು, ಹೊಟ್ಟೆಗಿಲ್ಲದೆ ಸೊರಗಿದವರಲ್ಲಿ ಮತ್ತೊಂದು. ಅವನ ಮಿಷನ್ನಿಗೆ ಎಲ್ಲಾ ಗೊತ್ತಾಗುತ್ತದೆ. ಸತ್ತೇಗಾಲದಿಂದ ಯಳಂದೂರಿನ ತನಕ ಕ್ಷೌರದಂಗಡಿಗಳನ್ನೆಲ್ಲ ಗುಡಿಸಿ ಡಾಕ್ಟರೇಟ್ ಪಡೆದ ಪುಣ್ಯಾತ್ಮ, ಹೆತ್ತವ್ವ ಚಿಕ್ಕನಿಂಗಮ್ಮನ ಒಂದೆಳೆಯನ್ನೂ ತೆಗೆದಿಟ್ಟಿರಲಿಲ್ಲ.

ಹೋದ ವರ್ಷ ಅವ್ವ ಈ ಅಕ್ಕನ ಮನೆಯಲ್ಲೇ ಕಡ್ಡಿಯಂತಾಗಿ ತೀರಿಕೊಂಡಳು. ಫೋನು ಮಾಡಿದಾಗಲೆಲ್ಲ "ಉಂಡೆ ಕಣಪ್ಪಾ, ನೀನುಂಡ್ಯಾ?" ಎನ್ನುತ್ತಿದ್ದವಳು ನಿಜಕ್ಕೂ ಉಂಡಿದ್ದಳೋ ಇಲ್ಲವೋ? ಅಕ್ಕನನ್ನು ಕೇಳಿದರೆ "ನಾನೇನ್ ಉಪಾಸ ಕೆಡವಿದ್ನಾ?" ಎಂದು ಜಗಳಕ್ಕೇ ಬರುತ್ತಿದ್ದಳು. ಆ ಸಂಕಟದಲ್ಲಿ ಅವನಿಗೆ ಊಟವೂ ಸೇರುತ್ತಿರಲಿಲ್ಲ. ಅವ್ವ ಸೂರಿಗೆ ಸಿಕ್ಕಿಸುತ್ತಿದ್ದ ಕೂದಲು ನೆನಪಾದದ್ದೇ ನಿನ್ನೆ.

ಅಕ್ಕನ ಕೈಯಿಂದ ಬೋಸಿ ಕಿತ್ತುಕೊಂಡು ಓಡಿದ. "ಲೋ, ಯಾಕ್ಲಾ? ನಿಂತ್ಕಂಡ್ ಯೋಳ್ಲಾ!" ಎಂದು ರತ್ನ ಕೂಗುವಷ್ಟರಲ್ಲಿ ಬಸ್ಸು ಹತ್ತಿಯಾಗಿತ್ತು.

ಹನೂರಿನಲ್ಲಿಳಿದು "ಕೂದ್ಲವ್ನು ಬಂದಿದ್ನಾ? ಕೂದ್ಲವ್ನು?" ಎಂದು ಬೀದಿಬೀದಿ ಕೂಗಿದ. ಕೈಯಲ್ಲಿ ಫಳಫಳ ಹೊಳೆಯುವ ಬೋಸಿ ಬೇರೆ. ಕೇಳಬೇಕೆ? ಹೆಂಗಸರು ಕೂದಲುಂಡೆ ಹಿಡಿದುಕೊಂಡು ಬಂದು ಮುತ್ತಿಕೊಂಡರು.

"ಇಷ್ಟುದ್ದ ಅದೆ ನೋಡಪ್ಪಾ. ಆ ಬೋಸಿ ನಂಗೇಯ!"

"ನಾನು ಕೂದ್ಲವ್ನಲ್ಲ ಕಣಮ್ಮಾ, ಸೈಂಟಿಸ್ಟು!"

"ಏನಾರಾ ಆಗಿರು, ಬೋಸಿ ಕೊಡು."

ಅಂಗಿ ಗುಂಡಿ ಕಿತ್ತುಹೋದರೂ ಬೋಸಿ ಬಿಡದೆ ಪಾರಾದ. ಕೂದಲಿನವನು ಕೊಳ್ಳೇಗಾಲದ ಕಡೆ ಹೋದನೆಂದು ಸೋಡಾ ಅಂಗಡಿಯವನು ಹೇಳಿದ.

ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನ ಹಿಂದೆ ಮೊಪೆಡ್ಡಿಗೆ ಒರಗಿ ಟೀ ಕುಡಿಯುತ್ತಿದ್ದ ಕೂದಲಿನವನು ಕೊನೆಗೂ ಸಿಕ್ಕ. ರುದ್ರಸ್ವಾಮಿ ಅವನ ಮೂಟೆ ಬಿಚ್ಚಿ, ರಸ್ತೆಯಲ್ಲೇ ಕುಕ್ಕರಗಾಲಲ್ಲಿ ಕುಳಿತು, ಉಂಡೆಗಳನ್ನು ಮೂಸಿಮೂಸಿ ನೋಡತೊಡಗಿದ. ಜನ ಸೇರಿದರು.

"ಯಾರೋ ಮಾಟ ಮಾಡ್ಸವ್ರೆ, ಪಾಪ," ಎಂದಳು ಹೂವಿನವಳು.

"ಅಜ್ಜೀಪುರದ್ದಾ ಸಾ?" ಎಂದ ಕೂದಲಿನವನು. "ಅಗೋ, ಆ ಕವರ್ನಲ್ಲಿ ಅದೆ. ಬರೀ ನರೆ ಕೂದ್ಲು. ಬೋಸಿ ವಾಪಸ್ ಕೊಟ್ಟು ತಕಂಡೋಗಿ."

ಕವರು ಬಿಚ್ಚಿದರೆ ಹರಳೆಣ್ಣೆಯ ವಾಸನೆ. ಅವ್ವನದೇ! ರುದ್ರಸ್ವಾಮಿ ಅದನ್ನು ಎದೆಗೊತ್ತಿಕೊಂಡು ನಡುಬೀದಿಯಲ್ಲಿ ಗೊಳೋ ಎಂದು ಅತ್ತ. ಹೂವಿನವಳು ಅವನಿಗೊಂದು ನಿಂಬೆಹಣ್ಣು ನಿವಾಳಿಸಿ ಎಸೆದಳು.

ಸಂಜೆ ಅಜ್ಜೀಪುರದಲ್ಲಿ ರತ್ನನ ಜೊತೆ ಪಕ್ಕದ ಮನೆಯ ಮುದುಕಿ ಪುಟ್ಟಗೌರಮ್ಮ ಜಗುಲಿಯ ಮೇಲೆ ಕಾದಿದ್ದಳು.

"ಬೋಸಿ ಎಲ್ಲಿ ಕಣ್ಲಾ?" ಎಂದಳು ರತ್ನ.

"ಆಳಾಗೋಗ್ಲಿ ಬೋಸಿ. ಅವ್ವನ ಕೂದ್ಲು ಸಿಕ್ತು ಕಣಕ್ಕಾ!"

ಪುಟ್ಟಗೌರಮ್ಮ ಕವರಿನೊಳಗೆ ಇಣುಕಿದಳು. "ಅಯ್ಯೋ ನನ್ನಪ್ಪಾ, ಇದು ನಂದು! ನಮ್ಮದು ತಾರಸಿ ಮನೆ, ಸೂರೆಲ್ಲಿ ಅದೆ? ನಿಮ್ ಸೂರಲ್ಲೇ ಸಿಕ್ಕಿಸ್ತೀನಿ."

"ಮತ್ತೆ ಅವ್ವಂದು?"

ರತ್ನ ಸೆರಗಿನಲ್ಲಿ ಮೂಗೊರೆಸಿಕೊಂಡಳು. "ಅವ್ವಂದು ಬೇಕು ಅಂತ ಒಂದ್ಮಾತು ಅಂದಿದ್ರೆ ಬೆಳಿಗ್ಗೇನೇ ಯೋಳ್ತಿದ್ನಲ್ಲೋ. ಮಿಷನ್ ಕೆಟ್ಟೋಯ್ತು, ಇಷ್ಟ್ ವರ್ಷ ಓದಿದ್ದೆಲ್ಲ ಮಣ್ಣಾಯ್ತು ಅಂತ ಫೋನಲ್ಲಿ ಅತ್ತಿದ್ಯಲ್ಲಾ, ಆಗ ಅವ್ವ ಮಾದಪ್ಪಂಗೆ ಅರ್ಕೆ ಒತ್ಕಂಡು, ಬೆಟ್ಟಕ್ಕೋಗಿ ಮುಡಿ ಕೊಟ್ಬಂದ್ಳು. ಸೂರಲ್ಲಿದ್ದ ಉಂಡೆನೂ ಬುಡ್ನಿಲ್ಲ, ಬಾಚ್ಕಂಡೋದ್ಳು. 'ಓದಿರೋನು, ಬೈತನೆ, ಯೋಳ್ಬ್ಯಾಡ' ಅಂದ್ಳು. ತಿರ್ಗಾ ಬೆಳೆಯೋ ವೊತ್ಗೆ ಅವ್ಳೇ ಓಗ್ಬುಟ್ಳು."

ಮಣ್ಣು ಮಾಡಿದ ದಿನ ಅವ್ವನ ತಲೆ ತುಂಬ ಸೆರಗು ಹೊದಿಸಿದ್ದು ರುದ್ರಸ್ವಾಮಿಗೆ ನೆನಪಾಯಿತು. ಅವನು ಕಾಲು ಮುಟ್ಟಿ ನಮಸ್ಕಾರ ಮಾಡಿದ್ದ, ತಲೆ ಮುಟ್ಟಿರಲಿಲ್ಲ.

"ಅದಿರ್ಲಿ ಮಗಾ, ನಿನ್ ಮಿಷನ್ ಸರೋಯ್ತಾ?" ಎಂದು ಪುಟ್ಟಗೌರಮ್ಮ ಕೇಳಿದಳು.

"ಸರೋಯ್ತು ದೊಡ್ಡವ್ವಾ," ಎಂದ ರುದ್ರಸ್ವಾಮಿ. "ಈಗ್ಲೂ ಚೆಂದಾಗೇ ಓಡ್ತಾ ಅದೆ."

ಮುದುಕಿ ಬೆಟ್ಟದ ಕಡೆ ತಿರುಗಿ ಕೈಮುಗಿದಳು. "ನೋಡ್ದಾ, ನಿಮ್ಮವ್ವನ ಮುಡಿ ಸುಮ್ನೆ ಓಗ್ನಿಲ್ಲ."