ಅವ್ವ ಒಪ್ಪಿದ ತೂತಿನ ನೆಲ

ನಮ್ಮ ಮನೆಯಲ್ಲಿ ಯಾವ ಕೆಲಸವೂ ಒಂದೇ ಸಲಕ್ಕೆ ನೆಟ್ಟಗೆ ಮುಗಿದ ದಾಖಲೆಯಿಲ್ಲ. ಒಂದು ಬಲ್ಬು ಬದಲಾಯಿಸಲು ಹೊರಟರೂ ಸ್ಟೂಲು ಹಿಡಿಯುವವರಿಗಿಂತ ಸಲಹೆ ಕೊಡುವವರೇ ಹೆಚ್ಚು. ಅಂಥದ್ದರಲ್ಲಿ ಮಧುಗಿರಿಯ ನಮ್ಮ ಮನೆಯ ಕಾರ್ ಶೆಡ್ಡಿಗೆ ಪ್ಲಾಸ್ಟಿಕ್ ಟೈಲ್ಸ್ ಹಾಕುವ ಕೆಲಸ ಸಲೀಸಾಗಿ ಮುಗಿಯುತ್ತದೆ ಎಂದುಕೊಂಡಿದ್ದು ನನ್ನ ತಪ್ಪು.

ಅದಕ್ಕೂ ಮೊದಲಿನ ತಪ್ಪು ಇನ್ನೂ ದೊಡ್ಡದು. ಒಂದು ಭಾನುವಾರ ಕಾರು ತೊಳೆದು, ಸೋಪಿನ ನೀರನ್ನು ಸಿಮೆಂಟು ನೆಲದ ಮೇಲೆ ಹಾಗೇ ಬಿಟ್ಟು ಒಳಗೆ ಹೋದೆ. ಅವ್ವ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಶೆಡ್ಡು ಹೆಸರಿಗೆ ಕಾರಿನದು, ರಾಜ್ಯಭಾರ ಅವ್ವನದು. ಬೆಳಗ್ಗೆ ಮೊರ ಹಿಡಿದು ಅಲ್ಲಿ ಕೂತಳೆಂದರೆ ಐ.ಡಿ.ಹಳ್ಳಿಯ ನಮ್ಮ ಹೊಲದ ರಾಗಿ ಕೇರುತ್ತಾ ಬೀದಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸಿಯೇ ಕಳಿಸುತ್ತಿದ್ದಳು. ಕೈ ಕೂಡಿಕೊಂಡಿತು. ಆದರೆ ಅವಳು ಶೆಡ್ಡಿಗೆ ಕಾಲಿಡುವುದನ್ನೇ ಬಿಟ್ಟಳು. ಕಿಟಕಿಯಲ್ಲಿ ಸುಮ್ಮನೆ ಕೂತು ಬೀದಿ ನೋಡುವ ಅವ್ವನನ್ನು ಕಂಡಾಗೆಲ್ಲ ನನಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಹೇಗಾದರೂ ಮಾಡಿ ಅವಳನ್ನು ಮತ್ತೆ ಅಲ್ಲಿ ಕೂರಿಸಬೇಕಿತ್ತು.

ಸ್ಯಾಂಪಲ್‌ಗಳ ಗತಿ

ಒಂದಕ್ಕೊಂದು ಕೊಕ್ಕೆ ಸಿಕ್ಕಿಸಿ ಕೂರಿಸುವ ಟೈಲ್ಸ್ ಶಿರಾದಲ್ಲಿ ಸಿಗುತ್ತವೆ, ಗಾರೆಯವರೂ ಬೇಡ, ಸಿಮೆಂಟೂ ಬೇಡ ಎಂದು ಯಾರೋ ಹೇಳಿದರು. ಹೋದೆ. ಅಂಗಡಿಯ ಸಾಹೇಬರು ಮೂರು ನಮೂನೆ ಮುಂದಿಟ್ಟರು. ಒಂದು ನುಣುಪಿನದು, ಒಂದು ರೂಪಾಯಿ ಬಿಲ್ಲೆ ಅಂಟಿಸಿದ ಹಾಗೆ ಉಬ್ಬುಬ್ಬಾಗಿರುವುದು, ಇನ್ನೊಂದು ಮೈತುಂಬಾ ತೂತಿನದು. ಒಂದೊಂದು ಕೊಟ್ಟು, ಮನೆಯಲ್ಲಿ ತೋರಿಸಿ ವಾಪಸ್ ತನ್ನಿ ಎಂದರು.

ಮುಂದಿನ ವಾರ ವಾಪಸ್ ಕೊಡಲು ಹುಡುಕಿದರೆ ಮೂರಕ್ಕೂ ಮನೆಯಲ್ಲಿ ನೌಕರಿ ಸಿಕ್ಕಿಬಿಟ್ಟಿತ್ತು. ನುಣುಪಿನದು ಗ್ಯಾಸ್ ಸಿಲಿಂಡರಿನ ಅಡಿ, ಬಿಲ್ಲೆಯದು ನೀರಿನ ಡ್ರಮ್ಮಿನ ಅಡಿ, ತೂತಿನದು ತೊಳೆದ ಲೋಟಗಳ ಅಡಿ. ಮುಟ್ಟಲು ಹೋದರೆ ಹೆಂಡತಿ ಬಿಡಲಿಲ್ಲ, ತುಂಬಾ ಅನುಕೂಲವಾಗಿದೆ, ಇನ್ನೆರಡು ತನ್ನಿ ಎಂದಳು. ಬರಿಗೈಯಲ್ಲಿ ಶಿರಾಕ್ಕೆ ಹೋಗಿ, ಅವ್ವ ಬಿದ್ದ ಕಥೆ ಹೇಳಿ, ಅವಳಿಗೆ ತೋರಿಸಲು ಮತ್ತೆ ಮೂರು ಕೇಳಿದೆ. ಪುಣ್ಯಾತ್ಮರು ಎರಡನೇ ಮಾತಾಡದೆ ಕೊಟ್ಟರು. ಮೆಟ್ಟಿಲಿಳಿಯುವಾಗ ಮಾತ್ರ ಕೂಗಿ ಕೇಳಿದರು: “ಮೇಷ್ಟ್ರೇ, ನೆಲಕ್ಕೆ ಹಾಕ್ತೀರೋ, ಇಲ್ಲಾ ಸ್ಯಾಂಪಲ್ಲಲ್ಲೇ ಮನೆ ಪೂರಾ ಮುಗಿಸ್ತೀರೋ?”

ನೀನು ಮೊದಲು ನಿಲ್ಲು

ಈ ಸಲ ಮೂರನ್ನೂ ನೇರವಾಗಿ ಹಿತ್ತಿಲಿಗೆ ಒಯ್ದು ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಹಾಸಿದೆ. ಅವ್ವ ದೂರದಿಂದಲೇ ಚೊಂಬಿನಲ್ಲಿ ಸೋಪಿನ ನೀರು ಸುರಿದಳು. ನುಣುಪಿನದರ ಮೇಲೆ ನೀರು ಹಾಗೇ ನಿಂತಿತು, ಅದು ಫೇಲು. ಬಿಲ್ಲೆಯದನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, ಬರಿಗಾಲಿಗೆ ಚುಚ್ಚುತ್ತದೆ ಎಂದಳು, ಅದೂ ಫೇಲು. ತೂತಿನದರ ಮೇಲೆ ಸುರಿದ ನೀರು ಕಣ್ಣೆದುರೇ ಮಾಯವಾಯಿತು. ನನ್ನನ್ನು ಹತ್ತಿಸಿ, ಒಂಟಿ ಕಾಲಲ್ಲಿ ನಿಲ್ಲಿಸಿ, ಎರಡು ಸಲ ತಿರುಗಿಸಿದಳು. ಇಪ್ಪತ್ತು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದಕ್ಕೆ ಸರಿಯಾದ ಶಾಸ್ತಿ. ನಾನು ಜಾರಲಿಲ್ಲ. ಇದನ್ನೇ ತರಲಾ ಎಂದು ಕೇಳಿದೆ.

“ನೀನು ಜಾರ್ಲಿಲ್ಲ ಅಂತ ಹೆಂಗ್ ನಂಬೋದ್ಲಾ? ನಿನ್ ತೂಕಕ್ಕೆ ನೆಲಾನೇ ಅಲ್ಲಾಡಾಕಿಲ್ಲ. ಸೊಸೇನ ಕರಿ.”

ಪಾವಗಡದ ಬಿಸಿಲು

ಸೊಸೆ ಪಾಸಾದಳು. ನಾನು ಶೆಡ್ಡಿನ ಉದ್ದ ಅಗಲ ಅಳೆದೆ. ಟೈಲ್ಸ್ ಕೂರಿಸಲು ಪಾವಗಡದಿಂದ ಬಂದ ಬಾಮೈದ ನನ್ನ ಲೆಕ್ಕ ನೋಡಿ, ಕಾರು ನಿಲ್ಲುವ ಜಾಗವನ್ನು ಕಳೆಯಿರಿ ಎಂದ. “ಕಾರ್ ಕೆಳಗೆ ಎವರು ಚೂಸ್ತಾರು ಬಾವ?” ಯಾರು ನೋಡುತ್ತಾರೆ ಎನ್ನುವುದು ಅವನ ವಾದ. ಕಾರು ಹೊರಗೆ ಹೋದ ದಿನ ಏನು ಗತಿ ಎಂದೆ. ಆವತ್ತು ನೋಡಲು ನೀವೂ ಮನೆಯಲ್ಲಿರುವುದಿಲ್ಲವಲ್ಲ ಎಂದ. ಗಣಿತದ ಮೇಷ್ಟ್ರು ಏನನ್ನೂ ಕಳೆಯದೆ ಪೂರಾ ಶೆಡ್ಡಿನ ಲೆಕ್ಕಕ್ಕೇ ಟೈಲ್ಸ್ ತಂದರು.

ಬಿಸಿಲಿಗೆ ಹಿಗ್ಗುತ್ತವೆ, ಗೋಡೆಯ ಪಕ್ಕ ಒಂದು ಬೆರಳು ಜಾಗ ಬಿಡಿ ಎಂದು ಸಾಹೇಬರು ಸಾರಿ ಸಾರಿ ಹೇಳಿದ್ದರು. ಬಾಮೈದ ಕೇಳಲಿಲ್ಲ. ಪಾವಗಡದ ಬಿಸಿಲಿಗೆ ನಾವೇ ಹಿಗ್ಗಿಲ್ಲ, ಇದೇನು ಹಿಗ್ಗುತ್ತದೆ ಎಂದು ರಬ್ಬರ್ ಸುತ್ತಿಗೆಯಲ್ಲಿ ಬಡಿದು ಬಡಿದು ಗೋಡೆಗೆ ಒತ್ತಿಸಿಯೇ ಕೂರಿಸಿದ. ಮಧ್ಯಾಹ್ನ ಎರಡು ಗಂಟೆಗೆ ನೆಲ ನಡುವೆ ಪೂರಿಯ ಹಾಗೆ ಎದ್ದಿತು. ಅವನು ಓಡಿ ಅದರ ಮೇಲೆ ನಿಂತ. ಪಕ್ಕದಲ್ಲಿ ಎದ್ದಿತು. ಅಲ್ಲಿ ನಾನು ನಿಂತೆ. ಬಾಗಿಲ ಹತ್ತಿರ ಎದ್ದಿತು, ಅಲ್ಲಿಗೆ ಹೆಂಡತಿ ಬಂದಳು. ಮೂವರೂ ಒಂದೊಂದು ಉಬ್ಬು ಮೆಟ್ಟಿಕೊಂಡು, ಮುಂದೇನು ಎಂದು ಮುಖ ಮುಖ ನೋಡಿಕೊಂಡೆವು.

ಕಿಟಕಿಯಲ್ಲಿ ನಗು ಕೇಳಿಸಿತು. ಬಿದ್ದ ಮೇಲೆ ಅವ್ವ ಅಷ್ಟು ನಕ್ಕಿದ್ದು ಅದೇ ಮೊದಲು. ಸೆರಗಲ್ಲಿ ಕಣ್ಣೊರೆಸಿಕೊಂಡು ಹೊಸ್ತಿಲಿಗೆ ಬಂದಳು. ಬಾಗಿಲ ಚೌಕಟ್ಟು ಹಿಡಿದು ಒಂದು ಕಾಲು ಇಟ್ಟಳು, ಆಮೇಲೆ ಇನ್ನೊಂದು. ಬೆರಳು ಜಾಗ ಬಿಡದ ಆ ಬಾಮೈದನಿಗೆ ನಾನು ಇವತ್ತಿಗೂ ಋಣಿ. ಅವ್ವ ಮಾತ್ರ ನಮ್ಮ ಮೂವರನ್ನೂ ನೋಡಿ, “ನಿಮ್ ಕೈಲಾಗಾಕಿಲ್ಲ ಬುಡ್ರಿ, ಇದಕ್ಕೆ ನಾಕ್ ಜನ ಬೇಕು” ಎಂದು ನಾಲ್ಕನೇ ಉಬ್ಬಿನ ಮೇಲೆ ನಿಂತಳು.

ಶೆಡ್ಡಿನಲ್ಲಿ ಪೈರು

ಅಂಚು ಕತ್ತರಿಸಿ ಜಾಗ ಬಿಟ್ಟ ಮೇಲೆ ನೆಲ ತೆಪ್ಪಗಾಯಿತು. ಅವ್ವ ಮೊರದ ಸಮೇತ ಶೆಡ್ಡಿಗೆ ಮರಳಿದಳು. ಆದರೆ ಒಣಗಿದ್ದಾಗ ಮಾತ್ರ. ಒಂದು ಹನಿ ನೀರು ಕಂಡರೂ ಹೊಸ್ತಿಲಲ್ಲೇ ನಿಂತುಬಿಡುತ್ತಿದ್ದಳು. ನಾನೂ ಒತ್ತಾಯಿಸಲಿಲ್ಲ.

ಎರಡು ಹೊತ್ತು ಮುದ್ದೆ ಉಣ್ಣುವ ಮನೆ ನಮ್ಮದು. ಸಣ್ಣ ಸಾಮಾನು ಬಿದ್ದರೆ ಕೆಳಗೆ ಹೋಗುತ್ತದೆ ಎಂದು ಸಾಹೇಬರು ಹೇಳಿದಾಗ ನಮಗೆ ಹೊಳೆದದ್ದು ಸ್ಕ್ರೂ, ಚಿಲ್ಲರೆ. ರಾಗಿ ಯಾರ ತಲೆಗೂ ಬರಲಿಲ್ಲ. ಅವ್ವ ಕೇರಿದಾಗ ಸಿಡಿದದ್ದೆಲ್ಲ ತೂತಿಗೆ ಇಳಿಯಿತು. ನಾನು ಕಾರು ತೊಳೆದ ನೀರೂ ಅಲ್ಲಿಗೇ ಇಳಿಯಿತು. ಒಂದು ಭಾನುವಾರ ಬೆಳಗ್ಗೆ ನೋಡಿದರೆ ಶೆಡ್ಡಿನ ಮುಂಭಾಗದಲ್ಲಿ ತೂತು ತೂತಿನಿಂದಲೂ ಹಸಿರು ಮೊಳಕೆ ತಲೆಯೆತ್ತಿದೆ. ಎಲ್ಲ ಬಿಚ್ಚಿ ಗುಡಿಸೋಣವೆಂದು ಪೊರಕೆ ತರಲು ಒಳಗೆ ಹೋದೆ.

ತಿರುಗಿ ಬಂದಾಗ ಅವ್ವ ಶೆಡ್ಡಿನ ನಡುವೆ ಬರಿಗಾಲಲ್ಲಿ ನಿಂತಿದ್ದಳು. ಕೈಯಲ್ಲಿ ಚೊಂಬು. ಆ ಕಡೆಯಿಂದ ಈ ಕಡೆಗೆ ನಡೆಯುತ್ತಾ, ಯಾವುದನ್ನೂ ಹಿಡಿಯದೆ, ಪೈರಿಗೆ ತಾನೇ ನೀರು ಹಾಕುತ್ತಿದ್ದಳು. ಕಾಲಡಿ ನೆಲವೆಲ್ಲ ಒದ್ದೆ. ಅದು ಅವಳಿಗೆ ನೆನಪೇ ಇಲ್ಲ. ನನಗೆ ಕಣ್ಣು ತುಂಬಿ ಬಂತು. ಪೊರಕೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ.

ಅವ್ವ ತಿರುಗಿ ನೋಡಿದಳು.

“ಏನ್ಲಾ ಅಂಗ್ ನಿಂತಿದ್ದೀಯ? ಕಾರು ಬೀದೀಲಿ ನಿಲ್ಸು, ಪೈರು ತುಳೀತದೆ. ಐ.ಡಿ.ಹಳ್ಳಿ ಹೊಲಕ್ಕೂ ಇದನ್ನೇ ಹಾಕ್ಸಾನ ಕಣ್ಲಾ. ಶಿರಾಕ್ಕೆ ಹೋಗಿ ಮೊದ್ಲು ಒಂದ್ ಸ್ಯಾಂಪಲ್ ಇಸ್ಕಂಡ್ ಬಾ.”