ಭಾವನ ಬಟನ್ನು, ಭಾಮೈದನ ಗಂಟೆ

ಮನೆಖರ್ಚಿನ ಲೆಕ್ಕ ಬರೆಯುವ ಸಾಫ್ಟ್‌ವೇರ್ ಮಾಡಿ ಮಾರುವವನ ಬಾಳಿನಲ್ಲಿ ನಗೆಪ್ರಸಂಗಗಳಿಗೆ ಕೊರತೆಯಿಲ್ಲ, ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ. ನನ್ನ ಸಂಕಟವೆಂದರೆ, ನಗುವವರು ಊರವರು, ಹೊಗಳಿಸಿಕೊಳ್ಳುವವನು ನನ್ನ ಭಾಮೈದ, ಹೊಟ್ಟೆ ಉರಿದುಕೊಳ್ಳುವವನು ಮಾತ್ರ ನಾನು.

ಅರಸೀಕೆರೆಯಲ್ಲಿ, ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ಅಂಗಡಿ. ಸಾಫ್ಟ್‌ವೇರನ್ನು ಮೊದಲಿಂದ ಕೊನೆಯವರೆಗೆ ಬರೆದವನು ನಾನು. ಹೆಂಡತಿಯ ತಮ್ಮ ಆಮೇಲೆ ಬಂದು ಸೇರಿಕೊಂಡ. ಬಂದವನೇ ಒಂದು ಮಧ್ಯಾಹ್ನ ಕೂತು, ಟೈಪ್ ಮಾಡಿದ್ದೆಲ್ಲ ತಾನಾಗಿಯೇ ಸೇವ್ ಆಗುವ ಹಾಗೆ ಮಾಡಿದ. ಅವನು ಮಾಡಿದ್ದು ಅಷ್ಟೇ. ಈ ನಡುವೆ ಕೊಬ್ಬರಿ ಮಂಡಿಯ ಯಜಮಾನರೊಬ್ಬರು, "ಈ ಸಲ ನಮ್ಮ ವರ್ತಕರ ಸಭೇಲಿ ಸಾಫ್ಟ್‌ವೇರ್ ಮಾಡಿದೋರಿಗೆ ಶಾಲು ಹೊದಿಸಿ ಸನ್ಮಾನ ಮಾಡೋಣ ಅಂತಿದೀವಿ" ಅಂದರು. ಶಾಲು ಒಂದೇ. ಅದು ನನ್ನ ಹೆಗಲ ಮೇಲೇ ಬೀಳಬೇಕೆಂದು ನಾನು ಆ ಕ್ಷಣವೇ ತೀರ್ಮಾನ ಮಾಡಿಕೊಂಡೆ.

ಹಳೇಬೀಡಿನಿಂದ ಬಂದ ಫೋನು

ನನ್ನ ಕಾಲದಲ್ಲಿ ಸೇವ್ ಅಂತ ಒಂದು ಬಟನ್ ಇತ್ತು. ಅದನ್ನು ಒತ್ತುವ ಮುಂಚೆ ಕರೆಂಟು ಹೋದರೆ ಬರೆದದ್ದೂ ಹೋಯಿತು. ಜನ ಒತ್ತುವುದನ್ನು ಮರೆತು ನನಗೆ ಬೈಯುತ್ತಿದ್ದರು.

ಭಾಮೈದನ ಕೈಚಳಕ ನಡೆದ ಮೇಲೆ ಹಳೇಬೀಡಿನ ರಿಟೈರ್ಡ್ ಮೇಡಂ ಒಬ್ಬರು ಫೋನ್ ಮಾಡಿದರು. "ಏನ್ರೀ ಇದು! ಕರೆಂಟು ಹೋಗಿ ಬಂತು, ಬರೆದಿದ್ದು ಒಂದಕ್ಷರ ಹೋಗಿಲ್ಲ. ಮಾಡಿದೋರು ನೀವೇನಾ?"

ನಾನು ಗಂಟಲು ಸರಿಮಾಡಿಕೊಂಡು, "ಸಾಫ್ಟ್‌ವೇರ್ ಪೂರ್ತಿ ನಂದೇ ಮೇಡಂ. ಇದೊಂದು ಮಾತ್ರ ನನ್ನ ಭಾಮೈದ ಸೇರಿಸಿದ್ದು" ಅಂದೆ.

"ಓಹೋ, ಹಾಗಾದ್ರೆ ಇಷ್ಟು ದಿನ ನಾನು ಬರೆದಿದ್ದನ್ನೆಲ್ಲ ಕಳೀತಿದ್ದೋರು ನೀವಾ? ಫೋನ್ ಅವರಿಗೆ ಕೊಡಿ."

ಬೇಲೂರಿನ ಗಂಟೆ

ಇಷ್ಟಕ್ಕೇ ನಿಂತಿದ್ದರೆ ನಾನು ಹೇಗೋ ಸಹಿಸಿಕೊಳ್ಳುತ್ತಿದ್ದೆ. ಸೇವ್ ಆಗಿದ್ದು ಜನಕ್ಕೆ ಗೊತ್ತಾಗಲಿ ಅಂತ ಭಾಮೈದ ಪ್ರತಿ ಸಲವೂ ಟಣ್ ಎಂದು ಗಂಟೆ ಬಾರಿಸುವ ಹಾಗೆ ಮಾಡಿದ. ಪೂಜೆಯ ಗಂಟೆಯದೇ ನಾದ.

ಬೇಲೂರಿನ ಅಂಗಡಿಯವರೊಬ್ಬರು ಕಂಪ್ಲೇಂಟ್ ಕೊಟ್ಟರು. ಅವರು ಮನೆಯಲ್ಲಿ ಲೆಕ್ಕ ಬರೆಯಲು ಕೂತರೆ ಸಾಕು, ಅವರ ತಾಯಿ ಮಂಗಳಾರತಿ ಆಗುತ್ತಿದೆ ಅಂತ ಸೆರಗು ಹೊದ್ದು, ಮಂಡಿ ನೋವನ್ನೂ ಲೆಕ್ಕಿಸದೆ ದೇವರ ಕೋಣೆಗೆ ಓಡುತ್ತಿದ್ದರಂತೆ. ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಸಿಕ್ಕ ಬಸ್ಸು ಹತ್ತಿ ಬೇಲೂರಿಗೆ ಹೋದೆ.

"ಆ ಗಂಟೆ ತೆಗೆದುಬಿಡ್ತೀನಿ ಅಜ್ಜಿ" ಅಂದೆ.

"ಬ್ಯಾಡ ಕಣಪ್ಪಾ! ನನ್ನ ಸೊಸೆ ಗಂಟೆ ಮುಟ್ಟೋದು ಹಬ್ಬ ಬಂದ್ರೆ. ಈ ಪೆಟ್ಟಿಗೆಗಾದ್ರೂ ಭಕ್ತಿ ಐತೆ. ಯಾರಪ್ಪಾ ಈ ಗಂಟೆ ಇಟ್ಟ ಪುಣ್ಯಾತ್ಮ?"

ಹೇಳಲೇಬೇಕಾಯಿತು, "ನಮ್ಮ ಭಾಮೈದ."

ಅಜ್ಜಿ ಹತ್ತಿರ ಸರಿದು ದನಿ ತಗ್ಗಿಸಿದರು. "ಮದುವೆ ಆಗೈತಾ? ನನ್ನ ಮೊಮ್ಮಗಳೊಬ್ಳವ್ಳೆ."

ಕಂಪ್ಲೇಂಟ್ ತರಲು ಹೋದವನು ಅವನಿಗೆ ಜಾತಕ ತೆಗೆದುಕೊಂಡು ವಾಪಸ್ ಬಂದೆ.

ನನ್ನ ಕೈಚಳಕ

ಹೆಂಡತಿಗೆ ತಮ್ಮನ ಮೇಲೆ ಪ್ರೀತಿ ಉಕ್ಕಿತು. ಅವನ ತಟ್ಟೆಗೆ ಒಬ್ಬಟ್ಟಿನ ಮೇಲೆ ಒಬ್ಬಟ್ಟು, ತುಪ್ಪವೂ ಧಾರಾಳ. ನನ್ನ ತಟ್ಟೆಗೆ, "ನಿಮಗೆ ಶುಗರ್ ಅಲ್ವೇನ್ರೀ?" ಎಂಬ ಮಾತು. ಇನ್ನು ಸುಮ್ಮನಿರಬಾರದೆಂದು ನಾನೂ ಒಂದು ಹೊಸದನ್ನು ಸೇರಿಸಿದೆ. ಲೆಕ್ಕ ಮುಗಿಸಿ ಹೊರಡುವಾಗ ಸಾಫ್ಟ್‌ವೇರ್, "ಎಲ್ಲಾ ಸರಿಯಾಗಿದೆಯೇ?" ಎಂದು ಕೇಳುತ್ತದೆ. ಹೌದು ಅಂದರೆ ಮುಚ್ಚಿಕೊಳ್ಳುತ್ತದೆ. ಇಲ್ಲ ಅಂದರೆ ತಿದ್ದಲಿ ಅಂತ ಮತ್ತೆ ಒಳಗೇ ಕರೆದುಕೊಂಡು ಹೋಗುತ್ತದೆ.

ಮಾರನೇ ದಿನವೇ ಗಂಡಸಿ ಕಡೆಯ ತೆಂಗಿನ ತೋಟದವರೊಬ್ಬರ ಫೋನು. "ಸ್ವಾಮಿ, ಬೆಳಗ್ಗೆಯಿಂದ ಕುಂತಿದೀನಿ, ಈ ಕಂಪ್ಯೂಟರು ನನ್ನ ಬಿಡ್ತಾನೇ ಇಲ್ಲ."

"ಎಲ್ಲಾ ಸರಿಯಾಗಿದೆಯೇ ಅಂತ ಕೇಳುತ್ತಲ್ಲ, ಏನು ಒತ್ತಿದ್ರಿ?"

"ಇಲ್ಲ ಅಂತ ಒತ್ತಿದೆ. ಎಲ್ಲಿ ಸರಿಯಾಗೈತೆ ಸ್ವಾಮಿ? ಬೋರು ಕೆಟ್ಟೈತೆ, ಎಮ್ಮೆ ಒದೀತೈತೆ, ಅಳಿಯ ಮಾತು ಬಿಟ್ಟವ್ನೆ. ಹೌದು ಅಂತ ಯಾವ ಬಾಯಲ್ಲಿ ಹೇಳ್ಲಿ?"

"ಅದು ಬರೀ ಲೆಕ್ಕದ ವಿಷಯ ಕೇಳೋದು ಯಜಮಾನ್ರೇ."

"ಹಂಗಾದ್ರೆ ನಿಮ್ಮ ಬಾಮೈದ ಮಾಡಿದ್ರಲ್ಲ, ಆ ಸೇವ್ ತರ ಏನೂ ಕೇಳ್ದೆ ಬರ್ಕೊಂಡು ಹೋಗೋಕೆ ಹೇಳಿ. ಮನೆ ಕಷ್ಟಸುಖ ಇದಕ್ಯಾಕೆ?"

ಭಾಮೈದ ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡಿದ್ದ. "ತೆಗೆದುಬಿಡ್ಲಾ ಭಾವ?" ಅಂದ. ಆ ಮರ್ಯಾದೆಯ ದನಿ ಕೇಳಿಯೇ ನನಗೆ ಇನ್ನಷ್ಟು ಉರಿಯಿತು.

ರಾಹುಕಾಲ

ಸನ್ಮಾನದ ಮಾತೆತ್ತಿದ ಮಂಡಿ ಯಜಮಾನರದು ಒಂದು ಕಟ್ಟುನಿಟ್ಟು. ರಾಹುಕಾಲದಲ್ಲಿ ಲೆಕ್ಕ ಟೈಪ್ ಮಾಡುತ್ತಿದ್ದರು, ಆದರೆ ಅದು ಕಳೆಯುವವರೆಗೆ ಸೇವ್ ಬಟನ್ ಮುಟ್ಟುತ್ತಿರಲಿಲ್ಲ. ಈಗ ಸಾಫ್ಟ್‌ವೇರ್ ತಾನಾಗಿಯೇ ಸೇವ್ ಮಾಡುವುದನ್ನು ಕಂಡು ಹೌಹಾರಿದರು. "ಏನ್ರೀ, ರಾಹುಕಾಲದಲ್ಲೂ ಪಕ್ಕಾ ಮಾಡ್ತಿದೆಯಲ್ರೀ ಇದು!"

ಶಾಲು ನನ್ನ ಕಡೆ ಒಂದು ಮೊಳ ಸರಿದಂತಾಯಿತು. ಆದರೆ ಭಾಮೈದ ಬಿಡುವ ಆಸಾಮಿಯೇ? ಪಂಚಾಂಗ ನೋಡಿ, ಆಯಾ ದಿನದ ರಾಹುಕಾಲ ಮುಗಿಯುವ ತನಕ ಸೇವ್ ಆಗದಂತೆ ಮಾಡಿಕೊಟ್ಟ.

"ಅಷ್ಟರಲ್ಲಿ ಕರೆಂಟು ಹೋದ್ರೆ?" ಅಂತ ಕೇಳಿದೆ.

"ಹೋಗಲ್ಲ ಬಿಡಿ ಭಾವ" ಅಂದ.

ಒಂದು ಮಂಗಳವಾರ ಮಧ್ಯಾಹ್ನ ಹೋಯಿತು. ಯಜಮಾನರು ಮೊಮ್ಮಗನ ನಾಮಕರಣದ ಖರ್ಚನ್ನೆಲ್ಲ ರಾಹುಕಾಲದಲ್ಲಿ ಕೂತು ಟೈಪ್ ಮಾಡಿದ್ದರಂತೆ, ಅದು ಕಳೆಯುವ ಮೊದಲೇ ಕರೆಂಟು ಹೋಗಿ ಒಂದಕ್ಷರವೂ ಉಳಿದಿಲ್ಲವಂತೆ. ಅವರ ಗುಮಾಸ್ತರು ಫೋನಿನಲ್ಲಿ ಹೇಳುತ್ತಿದ್ದಾಗ ನನ್ನ ಹೊಟ್ಟೆ ಎಷ್ಟೋ ದಿನಗಳ ಮೇಲೆ ತಣ್ಣಗಾಯಿತು. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಮುಖದಲ್ಲಿ ದುಃಖ ತಂದುಕೊಂಡು ಮಂಡಿಗೆ ಹೋದೆ.

"ತಪ್ಪಾಯ್ತು ಯಜಮಾನ್ರೇ. ನಾನು ಆಗಲೇ ಬೇಡ ಅಂದಿದ್ದೆ, ಭಾಮೈದ ಕೇಳ್ಲಿಲ್ಲ" ಅಂದೆ.

ಯಜಮಾನರು ಎದ್ದು ನಿಂತು ನನ್ನ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರು. "ತಪ್ಪೇನ್ರೀ? ರಾಹುಕಾಲದಲ್ಲಿ ಬರೆದಿದ್ದು ನಿಲ್ಲಲ್ಲ ಅಂತ ಸಾಯೋವರೆಗೂ ನಮ್ಮಪ್ಪ ಹೇಳಿದ್ರು, ಮನೇಲಿ ಒಬ್ರೂ ನಂಬಲಿಲ್ಲ. ನಿಮ್ಮ ಭಾಮೈದ ಎಲ್ಲರ ಕಣ್ಣೆದುರಿಗೆ ತೋರಿಸಿಬಿಟ್ರು! ಶಾಲು ಅವರಿಗೇ, ಇವತ್ತೇ ಖಾಯಂ ಮಾಡಿದೀವಿ."

ನಾನು ಹಲ್ಲು ಬಿಟ್ಟುಕೊಂಡೇ ಹೊರಡಲು ತಿರುಗಿದೆ.

"ಅವತ್ತು ನೀವೂ ತಪ್ಪದೇ ಬರ್ಬೇಕು" ಅಂದರು ಯಜಮಾನರು. "ಶಾಲು ಹೊದಿಸೋಕೆ ಮನೆ ಹಿರಿಯರು ಅಂತ ಒಬ್ರು ಬೇಕಲ್ಲ."